ಆನೆ ಬರುತ್ತದೆ ಅಂತ ಹಲಸಿನ ಮರ ಕಡಿಯಬೇಕಾ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಅಜ್ಜನ ಕಾಲದ ಹಲಸಿನ ಮರವಿದೆ. ಹಣ್ಣಿಗೆ ಕಾಡಾನೆ ಬರುತ್ತದೆ. ಕಡಿದು ಬಾಗಿಲು ಮಾಡಿಸೋಣ ಅಂತ ಮನೆಯಲ್ಲಿ ಮಾತು. ಬಾಳಿಕೆ ಬರುತ್ತದಾ? ಎಲೆ, ಮೇಣ ಔಷಧಿ ಅಂತಾರೆ, ನಿಜವಾ?

ಉತ್ತರ: ಬಾಳಿಕೆ ಬರುತ್ತದೆ, ಆದರೆ ಒಳಗಿನ ಚೇಗು ಮಾತ್ರ. ಅದನ್ನು ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಹಲಗೆ ಅಗಲ ಸಿಗಲಿ ಅಂತ ಹೊರಗಿನ ಬಿಳಿ ಭಾಗವನ್ನೂ ಸೇರಿಸಿಕೊಂಡರೆ ಹುಳ ಬೀಳುತ್ತದೆ. ಕುಯ್ದ ದಿನ ಹಲಗೆ ಅರಿಶಿನ ಬಳಿದ ಹಾಗಿರುತ್ತದೆ. ಗರಗಸದ ಹುಡಿ, ಬಡಗಿಯ ಮುಂಗೈ ಎಲ್ಲಾ ಹಳದಿ. ವರ್ಷ ಕಳೆದಂತೆ ಜೇನಿನ ಬಣ್ಣ, ಆಮೇಲೆ ಕಂದು. ಬರ್ಮಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಇದೇ ಚೇಗಿನ ಚಕ್ಕೆ ಕುದಿಸಿ ಬಣ್ಣ ಹಾಕುತ್ತಿದ್ದರು. (ಕೊಡವ ಭಾಷೆಯಲ್ಲಿ ಹಲಸಿಗೇ ಚಕ್ಕೆ ಅಂತಾರೆ. ನಾನು ಹೇಳಿದ್ದು ಮರದ ಚೂರು!) ಮೃದಂಗದ ಕಳಸಿಗೆ ಅಂದರೆ ಅದರ ಮರದ ಒಡಲಿಗೆ, ತಂಜಾವೂರು ವೀಣೆಗೆ ಬೇಕಾಗುವುದೂ ಈ ಮರವೇ.

ಔಷಧಿಯ ಮಾತಿಗೆ ನನಗೆ ಅಷ್ಟು ಉತ್ಸಾಹವಿಲ್ಲ. ಕುರುವಿಗೆ ಮೇಣ ಹಚ್ಚುವುದು, ಸಕ್ಕರೆ ಕಾಯಿಲೆಗೆ ಎಲೆಯ ಕಷಾಯ ಕುಡಿಯುವುದು ಹಳೇ ರೂಢಿ. ಕಷಾಯ ನಂಬಿ ಮಾತ್ರೆ ಬಿಡಬೇಡಿ, ಅಷ್ಟೇ.

ಇನ್ನು ಕಡಿಯುವ ವಿಷಯ. ಆ ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿದೆಯಲ್ವಾ? ಮರ ಉರುಳಿದರೆ ಬಳ್ಳಿ ಹೋಯಿತು, ಕೆಳಗಿನ ಕಾಫಿ ಗಿಡವೂ ಹೋಯಿತು, ನೆರಳೂ ಹೋಯಿತು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಬೇರೆ ಇದೆ, ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಜಾಗ ಜಮ್ಮಾ ಬಾಣೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ, ಗದ್ದೆಗೆ ಸೇರಿದ ಜಮೀನು) ಆದರೆ ಮರದ ಹಕ್ಕು ನಿಮ್ಮದೇನಾ ಅಂತ ದಾಖಲೆಯಲ್ಲಿ ನೋಡಿ.

ಆನೆ ಬರುವುದು ಮರಕ್ಕಲ್ಲ, ಹಣ್ಣಿನ ವಾಸನೆಗೆ. ಹಾಗಾಗಿ ಎಷ್ಟೋ ಬೆಳೆಗಾರರು ಎಳೆಯದಿರುವಾಗಲೇ ಕಾಯಿ ಇಳಿಸಿಬಿಡುತ್ತಾರೆ. ಪಲ್ಯಕ್ಕೆ ಜಾಸ್ತಿಯಾದರೆ ನೆಂಟರಿಗೆ ಹಂಚಿ. ಕೂವಲೆ ಪುಟ್ಟಿಗೆ (ಹಲಸಿನ ಹಣ್ಣಿನ ಕೊಡವ ಕಡುಬು) ಅಂತ ಒಂದೆರಡು ಬೇಕೇ ಬೇಕು ಅಂದರೆ, ಅವನ್ನೂ ಮರದಲ್ಲಿ ಹಣ್ಣಾಗಲು ಬಿಡಬೇಡಿ. ಬಲಿತ ಕೂಡಲೇ ಇಳಿಸಿ ಒಳಕೋಣೆಯಲ್ಲಿಡಿ, ಘಮ ಬಂದ ದಿನವೇ ಬಿಡಿಸಿ ಮುಗಿಸಿ.