ಆಕ್ಸೆಸ್‌ನಲ್ಲಿ ಲಾಕ್ ದೋಷ: 312ನೇ ಲಾಟ್ ತಿದ್ದಿದರೆ 313ಕ್ಕೆ ಏಕೆ ಬೀಗ?

ಉದಾಹರಣೆಗೆ ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯನ್ನು ಇಟ್ಟುಕೊಳ್ಳೋಣ. ಮೂರು ಕಂಪ್ಯೂಟರ್, ಎಲ್ಲರೂ ತೆರೆಯುವ ಒಂದೇ ಆಕ್ಸೆಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ) ಫೈಲ್, ಅದರೊಳಗೆ ‘ಲಾಟ್’ ಎಂಬ ಟೇಬಲ್: ರೈತರ ಹೆಸರು, ಊರು, ತಳಿ ಕಡ್ಡಿಯೋ ಡಬ್ಬಿಯೋ, ಚೀಲ, ತೂಕ, ದರ. ಟೇಬಲ್, ಫಾರ್ಮ್, ಕ್ವೆರಿ ಗೊತ್ತಿದ್ದವರಿಗೆ ಈ ಟಿಪ್ಪಣಿ.

ಆವಕ ಹೆಚ್ಚಿದ ದಿನ ತಲೆದೋರುವ ದೋಷ 3260. ಇಂಥ ಯಂತ್ರದಲ್ಲಿರುವ ‘ಅಡ್ಮಿನ್’ ಬೀಗ ಹಾಕಿರುವುದರಿಂದ ಬದಲಾವಣೆ ಸಾಧ್ಯವಿಲ್ಲ ಎಂಬುದು ಅದರ ಸಾರಾಂಶ. ಆ ಅಡ್ಮಿನ್ ಯಾರೆಂದು ಹುಡುಕುತ್ತ ಕೂರಬೇಡಿ. ಬಳಕೆದಾರರ ಭದ್ರತೆ ಅಳವಡಿಸದ ಫೈಲಿನಲ್ಲಿ ಎಲ್ಲರೂ ಅಡ್ಮಿನ್ನರೇ! ನೋಡಬೇಕಾದದ್ದು ಯಂತ್ರದ ಹೆಸರು. 3218 ಕೂಡ ಇದೇ ಜಾತಿಯದು, ಹೆಸರು ಮಾತ್ರ ಹೇಳುವುದಿಲ್ಲ.

ಇನ್ನು ತಲೆ ತಿನ್ನುವ ಭಾಗ. ಒಬ್ಬರು 312ನೇ ಲಾಟಿನ ತೂಕ ತಿದ್ದುತ್ತಿದ್ದಾರೆ, ಇನ್ನೊಬ್ಬರು 313ಕ್ಕೆ ದರ ಹಾಕುತ್ತಿದ್ದಾರೆ. ರೈತರು ಬೇರೆ, ಸಾಲು ಬೇರೆ. ಆದರೂ ಎರಡನೆಯವರಿಗೆ ಬೀಗ. ಏಕೆಂದರೆ ಆಕ್ಸೆಸ್ ಸಾಲುಗಳನ್ನು ಡಿಸ್ಕಿನಲ್ಲಿ ಬಿಡಿಬಿಡಿಯಾಗಿ ಇಡದೆ ಪುಟಗಳಲ್ಲಿ ತುಂಬುತ್ತದೆ. 97ರ ಆವೃತ್ತಿಯಲ್ಲಿ ಪುಟಕ್ಕೆ 2048 ಬೈಟ್ ಇತ್ತು, 2000ದ ಆವೃತ್ತಿಯಿಂದ 4096. ಒಂದು ಲಾಟಿನ ಸಾಲು 150 ಬೈಟ್ ಎಂದುಕೊಳ್ಳಿ. 4096 ಅನ್ನು 150ರಿಂದ ಭಾಗಿಸಿದರೆ 27. ಪುಟದ ಸ್ವಂತ ಲೆಕ್ಕಕ್ಕೆ ತುಸು ಜಾಗ ಕಳೆದರೂ ಸುಮಾರು 25 ಸಾಲು. ಬೀಗ ಪುಟದ ಮಟ್ಟದಲ್ಲಿ ಬಿದ್ದರೆ 25 ರೈತರ ಲೆಕ್ಕ ಒಟ್ಟಿಗೆ ನಿಂತಿತು. ಒಂದು ಮನೆಗೆ ಬೀಗ ಹಾಕಲು ಹೋಗಿ ಇಡೀ ವಠಾರದ ಗೇಟು ಮುಚ್ಚಿದ ಹಾಗೆ. 40ನೇ ಲಾಟ್ ತಿದ್ದುವವರಿಗೆ ತೊಂದರೆ ಆಗದಿರುವುದೂ ಇದಕ್ಕೇ: ಅದು ಬೇರೆ ಪುಟದಲ್ಲಿದೆ. ಇಂದಿನ ನಮೂದುಗಳು ಕೊನೆಯ ಪುಟಗಳಲ್ಲಿ ಗುಂಪಾಗಿ ಕೂರುತ್ತವೆ, ಎಲ್ಲರ ಕೈಯೂ ಅಲ್ಲಿಯೇ.

ಪರಿಹಾರ ಫೈಲ್, ಆಪ್ಷನ್ಸ್, ಕ್ಲೈಂಟ್ ಸೆಟ್ಟಿಂಗ್ಸ್‌ನ ಕೊನೆಯ ಭಾಗದಲ್ಲಿದೆ: ರೆಕಾರ್ಡ್ ಮಟ್ಟದ, ಅಂದರೆ ಒಂದೊಂದು ಸಾಲಿಗಷ್ಟೇ ಬೀಗ ಬೀಳುವ ಲಾಕಿಂಗ್‌ನಲ್ಲಿ ಡೇಟಾಬೇಸ್ ತೆರೆಯುವ ಆಯ್ಕೆಗೆ ಟಿಕ್ ಹಾಕುವುದು. ಟಿಕ್ ಇದ್ದೂ ತೊಂದರೆ ಹೋಗದಿದ್ದರೆ ಬೇರೆ ಯಂತ್ರಗಳನ್ನು ನೋಡಿ. ಫೈಲನ್ನು ಮೊದಲು ತೆರೆದವರ ಆಯ್ಕೆಯೇ ನಂತರ ಬಂದವರೆಲ್ಲರಿಗೂ ಅನ್ವಯವಾಗುತ್ತದೆ. ಟಿಕ್ ಇಲ್ಲದ ಒಂದು ಯಂತ್ರ ಬೆಳಿಗ್ಗೆ ಮೊದಲು ಶುರುವಾದರೆ, ಎಲ್ಲರೂ ಹೊರಬರುವವರೆಗೆ ಪುಟದ ಬೀಗವೇ ಗತಿ. ಹಾಗಾಗಿ ಮೂರೂ ಯಂತ್ರಗಳಲ್ಲಿ ಟಿಕ್ ಇರಬೇಕು.

ಫಾರ್ಮಿನ ‘ರೆಕಾರ್ಡ್ ಲಾಕ್ಸ್’ ಗುಣವನ್ನೂ ನೋಡಿ. ‘ಎಡಿಟೆಡ್ ರೆಕಾರ್ಡ್’ ಎಂದಿದ್ದರೆ ತಿದ್ದಲು ಶುರುಮಾಡಿ ಪೆನ್ಸಿಲ್ ಗುರುತು ಮೂಡಿದ ಕ್ಷಣದಿಂದ ಬೀಗ. ಅರ್ಧ ಟೈಪ್ ಮಾಡಿ ಚಹಾಕ್ಕೆ ಎದ್ದರೆ ಬರುವವರೆಗೂ ಬೀಗ. ‘ನೋ ಲಾಕ್ಸ್’ ಎಂದಿದ್ದರೆ ಉಳಿಸುವ ಕ್ಷಣದಲ್ಲಷ್ಟೇ. ಆಪ್ಷನ್ಸ್‌ನಲ್ಲಿ ಇದನ್ನು ಬದಲಿಸಿದರೆ ಹೊಸ ಫಾರ್ಮ್‌ಗಳಿಗೆ ಮಾತ್ರ ತಾಗುತ್ತದೆ, ಹಳೆಯವನ್ನು ಒಂದೊಂದಾಗಿ ತೆರೆದು ತಿದ್ದಬೇಕು. ‘ನೋ ಲಾಕ್ಸ್’ನಲ್ಲಿ ಇಬ್ಬರು ಒಂದೇ ಸಾಲು ತಿದ್ದಿದರೆ ‘ರೈಟ್ ಕಾನ್‌ಫ್ಲಿಕ್ಟ್’ ಪೆಟ್ಟಿಗೆ ಬರುತ್ತದೆ. ಅಲ್ಲಿ ‘ಸೇವ್ ರೆಕಾರ್ಡ್’ ಒತ್ತಿದರೆ ಇನ್ನೊಬ್ಬರು ಬರೆದದ್ದು ಅಳಿಯುತ್ತದೆ.

ಅಂಗಡಿಯಲ್ಲಿ ಒಬ್ಬರೇ ಇದ್ದಾಗಲೂ ಈ ಪೆಟ್ಟಿಗೆ ಬರಬಹುದು. ಫಾರ್ಮಿನಲ್ಲಿ ತೂಕ ಬದಲಿಸಿ, ಉಳಿಸದೆ, ಅದೇ ಸಾಲನ್ನು ಅಪ್‌ಡೇಟ್ ಕ್ವೆರಿಯಿಂದ ಬದಲಿಸುವ ಬಟನ್ ಒತ್ತಿದರೆ ಆಕ್ಸೆಸ್ ಕಣ್ಣಿಗೆ ನೀವು ಇಬ್ಬರು. ಬಟನ್ನಿನ ಕೋಡಿನಲ್ಲಿ ಕ್ವೆರಿಗೆ ಮೊದಲು ‘ಮಿ.ಡರ್ಟಿ = ಫಾಲ್ಸ್’ (Me.Dirty = False) ಎಂಬ ಸಾಲು ಸೇರಿಸಿದರೆ ಫಾರ್ಮ್ ಮೊದಲು ಉಳಿಯುತ್ತದೆ.

ಕೊನೆಯದು, ಆಕ್ಸೆಸ್ ಫೈಲ್ ತೆರೆದಾಗ ಅದರ ಪಕ್ಕ ಹುಟ್ಟುವ, ತೆರೆದವರ ಹೆಸರು ಬರೆದಿಡುವ ‘ಎಲ್‌ಎಸಿಸಿಡಿಬಿ’ (.laccdb) ಫೈಲ್. ಅದರಲ್ಲಿ ಬಳಕೆದಾರರೊಬ್ಬರಿಗೆ 64 ಬೈಟ್. ಹೊರಹೋದವರ ಹೆಸರು ಅಲ್ಲಿಂದ ತಕ್ಷಣ ಅಳಿಯುವುದಿಲ್ಲ, ಆದ್ದರಿಂದ ಹೆಸರು ಕಂಡ ಮಾತ್ರಕ್ಕೆ ಅವರ ಮೇಲೆ ತಪ್ಪು ಹೊರಿಸಬೇಡಿ. ಎಲ್ಲರೂ ಮುಚ್ಚಿದ ಮೇಲೆ ಆ ಫೈಲ್ ತಾನೇ ಹೋಗಬೇಕು. ಹೋಗದಿದ್ದರೆ, ಆ ಫೋಲ್ಡರಿನಲ್ಲಿ ಎಲ್ಲರಿಗೂ ಅಳಿಸುವ ಅನುಮತಿ ಇದೆಯೇ ನೋಡಿ, ನಂತರ ಕೈಯಿಂದಲೇ ಅಳಿಸಲು ಯತ್ನಿಸಿ. ಫೈಲ್ ಬಳಕೆಯಲ್ಲಿದೆ ಎಂದು ವಿಂಡೋಸ್ ತಡೆದರೆ, ಯಾವುದೋ ಯಂತ್ರದಲ್ಲಿ ಆಕ್ಸೆಸ್ ಫೈಲ್ ಇನ್ನೂ ತೆರೆದೇ ಇದೆ.