ಫೂ ಫೈಟರ್: ರೈನ್ ಕಣಿವೆಯಲ್ಲಿ ಪೈಲಟ್‌ಗಳ ಬೆನ್ನು ಹತ್ತಿದ ಬೆಳಕುಗಳು

ಎರಡನೇ ಮಹಾಯುದ್ಧದಲ್ಲಿ ರಾತ್ರಿ ಹಾರುತ್ತಿದ್ದ ಬ್ಯೂಫೈಟರ್ ವಿಮಾನದಲ್ಲಿ ಸಾಮಾನ್ಯವಾಗಿ ಇಬ್ಬರೇ ಇರುತ್ತಿದ್ದರು. ಮುಂದೆ ಪೈಲಟ್, ಹಿಂದೆ ರೇಡಾರ್ ನೋಡುವವನು. 1944ರ ನವೆಂಬರ್ ಕೊನೆಯ ಒಂದು ರಾತ್ರಿ ಅಮೆರಿಕದ 415ನೇ ನೈಟ್ ಫೈಟರ್ ಸ್ಕ್ವಾಡ್ರನ್‌ನ ಒಂದು ವಿಮಾನದಲ್ಲಿ ಮೂವರಿದ್ದರು. ಪೈಲಟ್ ಎಡ್ವರ್ಡ್ ಶ್ಲೂಟರ್, ರೇಡಾರ್ ಮುಂದೆ ಡೊನಾಲ್ಡ್ ಮೈಯರ್ಸ್, ಜೊತೆಗೆ ಗುಪ್ತಚರ ಅಧಿಕಾರಿ ಫ್ರೆಡ್ ರಿಂಗ್‌ವಾಲ್ಡ್.

ಫ್ರಾನ್ಸ್–ಜರ್ಮನಿ ಗಡಿಯ ಸ್ಟ್ರಾಸ್‌ಬರ್ಗ್ ಹತ್ತಿರ, ರೈನ್ ಕಣಿವೆಯ ಮೇಲೆ, ದೂರದಲ್ಲಿ ಎಂಟು–ಹತ್ತು ಕಿತ್ತಳೆ ಬಣ್ಣದ ದೀಪಗಳು ಸಾಲಾಗಿ ಕಂಡವು. ಗುಡ್ಡದ ಮೇಲಿನ ದೀಪಗಳಿರಬಹುದೇ ಅಂದರೆ ಆ ಕಡೆ ಗುಡ್ಡವೇ ಇರಲಿಲ್ಲ. ನೆಲದ ರೇಡಾರ್ ಕೇಂದ್ರವನ್ನು ಕೇಳಿದರು. ಅಲ್ಲಿ ಯಾವ ವಿಮಾನವೂ ಇಲ್ಲ ಎಂಬ ಉತ್ತರ ಬಂತು. ವಿಮಾನದ ರೇಡಾರ್‌ನಲ್ಲೂ ಏನೂ ಇಲ್ಲ. ಶ್ಲೂಟರ್ ವಿಮಾನವನ್ನು ಅವುಗಳತ್ತ ತಿರುಗಿಸಿದಾಗ ದೀಪಗಳು ಮಾಯವಾದವು. ಸ್ವಲ್ಪ ಹೊತ್ತಿಗೆ ಇನ್ನೂ ದೂರದಲ್ಲಿ ಕಾಣಿಸಿಕೊಂಡವು.

ಕೆಳಗಿಳಿದ ಮೇಲೆ ಮೂವರೂ ಬಾಯಿಬಿಡಲಿಲ್ಲ. ತಲೆಕೆಟ್ಟಿದೆ ಅಂತ ನಗುತ್ತಾರೆ ಎಂಬ ಹೆದರಿಕೆ. ಆದರೆ ಮುಂದಿನ ವಾರಗಳಲ್ಲಿ ಅದೇ ಸ್ಕ್ವಾಡ್ರನ್‌ನ ಬೇರೆ ಪೈಲಟ್‌ಗಳೂ ಇಂಥದ್ದೇ ಹೇಳತೊಡಗಿದರು. ಡಿಸೆಂಬರ್ 22ರಂದು ಹಗೆನೌ ಬಳಿ 10,000 ಅಡಿ ಎತ್ತರದಲ್ಲಿದ್ದ ವಿಮಾನದತ್ತ ಎರಡು ದೊಡ್ಡ ಬೆಳಕುಗಳು ನೆಲದ ಕಡೆಯಿಂದ ಏರಿಬಂದವು, ಎರಡು ನಿಮಿಷ ಬೆನ್ನಿಗೇ ಇದ್ದವು, ಆಮೇಲೆ ಆರಿಹೋದವು ಎಂದು ವರದಿಯಾಯಿತು. ಒಂದು ಕಾಮಿಕ್‌ನಲ್ಲಿ ಪದೇ ಪದೇ ಬರುತ್ತಿದ್ದ ‘ಫೂ’ ಎಂಬ ಮಾತನ್ನು ಎತ್ತಿಕೊಂಡು ಮೈಯರ್ಸ್ ಇವಕ್ಕೆ ‘ಫೂ ಫೈಟರ್’ ಅಂದ. 1945ರ ಜನವರಿಯಲ್ಲಿ ಸುದ್ದಿ ಅಮೆರಿಕದ ಪತ್ರಿಕೆಗಳಿಗೆ ಮುಟ್ಟಿತು. ಆಮೇಲೆ ಜಪಾನಿನ ಮೇಲೆ ಬಾಂಬ್ ಹಾಕಲು ಹೋಗುತ್ತಿದ್ದ ಬಿ–29 ವಿಮಾನಗಳ ಸಿಬ್ಬಂದಿಯೂ ಬೆಂಕಿಯ ಚೆಂಡುಗಳು ಹಿಂಬಾಲಿಸಿದವು ಅಂದರು.

ಇದು ಜರ್ಮನರ ಹೊಸ ಅಸ್ತ್ರ ಎಂಬುದೇ ಎಲ್ಲರ ಮೊದಲ ಅನುಮಾನ. ಅದನ್ನು ಪೆದ್ದುತನ ಅನ್ನುವಂತಿಲ್ಲ. 1944ರ ಜೂನ್‌ನಲ್ಲಿ ಜರ್ಮನರ ವಿ–1 ಹಾರುವ ಬಾಂಬ್, ಸೆಪ್ಟೆಂಬರ್‌ನಲ್ಲಿ ವಿ–2 ರಾಕೆಟ್ ಲಂಡನ್ ಮೇಲೆ ಬಿದ್ದಿದ್ದವು. ಜೆಟ್ ಮತ್ತು ರಾಕೆಟ್ ಎಂಜಿನ್ನಿನ ಜರ್ಮನ್ ವಿಮಾನಗಳೂ ಆಕಾಶಕ್ಕೆ ಬಂದಾಗಿತ್ತು. ಆದರೆ ಲೆಕ್ಕ ಕೂಡಿಬರುವುದಿಲ್ಲ. ಮೆಸರ್‌ಸ್ಮಿಟ್ 163 ರಾಕೆಟ್ ವಿಮಾನದ ಇಂಧನ ಏಳೆಂಟು ನಿಮಿಷದಲ್ಲೇ ಮುಗಿಯುತ್ತಿತ್ತು, ಅದು ಹಾರುತ್ತಿದ್ದದ್ದೂ ಹಗಲಿನಲ್ಲಿ. ಜೊತೆಗೆ, ಈ ಬೆಳಕುಗಳು ಗುಂಡು ಹಾರಿಸಿ ಯಾವ ವಿಮಾನವನ್ನೂ ಬೀಳಿಸಲಿಲ್ಲ. ಸುಮ್ನೆ ಹಿಂಬಾಲಿಸಿ ಹೋಗುವ ಅಸ್ತ್ರ ಕಟ್ಟಿ ಯಾರಿಗೇನು ಲಾಭ? ಯುದ್ಧ ಮುಗಿದ ಎಷ್ಟೋ ವರ್ಷದ ಮೇಲೆ ‘ನಾಜಿಗಳ ಗುಟ್ಟಿನ ಬೆಂಕಿಚೆಂಡು’ ಎಂಬ ಕಥೆ ಮತ್ತೆ ಹರಿದಾಡಿತು. ಅದಕ್ಕೆ ನಂಬುವಂಥ ದಾಖಲೆ ಒಂದೂ ಇಲ್ಲ.

ವಿಜ್ಞಾನದ ಕಡೆಯಿಂದ ಹೆಚ್ಚಾಗಿ ಕೇಳಿಬರುವ ಉತ್ತರ ಸೇಂಟ್ ಎಲ್ಮೋನ ಬೆಂಕಿ. ಗುಡುಗು ಮೋಡದ ಹತ್ತಿರ ರೆಕ್ಕೆಯ ತುದಿ, ಪ್ರೊಪೆಲ್ಲರ್‌ಗಳಲ್ಲಿ ವಿದ್ಯುತ್ ಸೋರಿ ಹೊಳೆಯುವ ಬೆಳಕು ಅದು. ನನಗೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅದರ ಬಣ್ಣ ನೀಲಿ–ನೇರಳೆ. ಅದು ವಿಮಾನಕ್ಕೇ ಅಂಟಿಕೊಂಡಿರುತ್ತದೆ, ದೂರದಲ್ಲಿ ಸಾಲಾಗಿ ನಿಲ್ಲುವುದಿಲ್ಲ.

ಇದಕ್ಕಿಂತ ಜಾಸ್ತಿ ಗಟ್ಟಿಯಾದ ಸುಳಿವು ಕಣ್ಣಿನದ್ದು. ಕಗ್ಗತ್ತಲಲ್ಲಿ ಒಂದೇ ಚುಕ್ಕೆ ಬೆಳಕನ್ನು ದಿಟ್ಟಿಸಿದರೆ ಅದು ತಾನಾಗಿ ಓಡಾಡಿದಂತೆ ಕಾಣುತ್ತದೆ. 1799ರಲ್ಲಿ ಟೆನರೀಫ್ ದ್ವೀಪದ ಬೆಟ್ಟ ಹತ್ತುವಾಗ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ನಕ್ಷತ್ರಗಳು ಅಲುಗಾಡುವುದನ್ನು ಕಂಡು, ನಿಜವಾಗಿಯೂ ಅಲುಗಾಡುತ್ತಿವೆ ಎಂದೇ ತಿಳಿದಿದ್ದ. 1945ರಲ್ಲಿ ಅಮೆರಿಕದ ನೌಕಾಪಡೆಗಾಗಿ ಆಷ್ಟನ್ ಗ್ರೇಬಿಯೆಲ್ ಮತ್ತು ಬ್ರಾಂಟ್ ಕ್ಲಾರ್ಕ್ ಇದೇ ಭ್ರಮೆಯನ್ನು ರಾತ್ರಿ ಹಾರಾಟದ ಅಪಾಯವಾಗಿ ಅಧ್ಯಯನ ಮಾಡಿದರು. ಹಿನ್ನೆಲೆಯೇ ಇಲ್ಲದ ಕಡೆ ಬೆಳಕಿನ ದೂರ ತಿಳಿಯುವುದಿಲ್ಲ. ದೂರ ತಿಳಿಯದಿದ್ದರೆ ಗಾತ್ರವೂ ಇಲ್ಲ, ವೇಗವೂ ಇಲ್ಲ. ಪೈಲಟ್ ಸುಳ್ಳು ಹೇಳುತ್ತಿಲ್ಲ. ಆದರೆ ‘ಭಾರೀ ವೇಗದಲ್ಲಿ ಹಿಂಬಾಲಿಸಿತು’ ಅನ್ನುವಾಗ ಅರ್ಧ ಕಂಡದ್ದು, ಅರ್ಧ ಮನಸ್ಸು ತುಂಬಿಕೊಂಡದ್ದು. ಹಾಗಂತ ಎಲ್ಲ ವರದಿಗೂ ಇದೊಂದೇ ಕಾರಣ ಅನ್ನಲಾಗದು. ನೆಲದಿಂದ ಹಾರಿದ ಗುಂಡು, ಫ್ಲೇರ್ ಎಂಬ ಉರಿದೀಪ, ಗ್ರಹ, ದೂರದ ರಾಕೆಟ್ ಎಲ್ಲವೂ ಆ ಒಂದೇ ಹೆಸರಿನ ಕೆಳಗೆ ಸೇರಿಕೊಂಡಿರಬೇಕು.

1947ರ ಜೂನ್‌ನಲ್ಲಿ ಕೆನೆತ್ ಆರ್ನಾಲ್ಡ್ ಎಂಬ ಪೈಲಟ್ ಅಮೆರಿಕದ ರೇನಿಯರ್ ಪರ್ವತದ ಬಳಿ ಒಂಬತ್ತು ವಸ್ತು ಕಂಡೆ ಎಂದ ಮೇಲೆ ‘ಹಾರುವ ತಟ್ಟೆ’ಯ ಕಾಲ ಶುರುವಾಯಿತು. 1953ರ ಜನವರಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕರೆದ ವಿಜ್ಞಾನಿಗಳ ರಾಬರ್ಟ್‌ಸನ್ ಸಮಿತಿ ಫೂ ಫೈಟರ್‌ಗಳನ್ನೂ ಚರ್ಚಿಸಿತು. ಯುದ್ಧದ ಕಾಲದಲ್ಲೇ ‘ಹಾರುವ ತಟ್ಟೆ’ ಎಂಬ ಹೆಸರು ಚಾಲ್ತಿಯಲ್ಲಿದ್ದಿದ್ದರೆ ಇವನ್ನೂ ಹಾಗೇ ಕರೆಯುತ್ತಿದ್ದರು ಎಂದು ಸಮಿತಿ ಬರೆಯಿತು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದೇ ಚುರುಕಾದ ಮಾತು. ಆಯಾ ಕಾಲದ ಭಯವೇ ಬೆಳಕಿಗೆ ಹೆಸರಿಡುತ್ತದೆ, ಅಲ್ವಾ? ಅಮೆರಿಕದ ವಾಯುಪಡೆ 1969ರವರೆಗೆ ಇಂಥ ಒಟ್ಟು 12,618 ವರದಿಗಳನ್ನು ಜಾಲಾಡಿತು. 701ಕ್ಕೆ ಉತ್ತರ ಸಿಗಲಿಲ್ಲ.

ನಮ್ಮ ಸೈನಿಕರಿಗೂ ಇಂಥದ್ದೇ ಆಯಿತು, ವಿಮಾನದಲ್ಲಲ್ಲ, ಗಡಿಯಲ್ಲಿ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್‌ನ ಪ್ಯಾಂಗಾಂಗ್ ಸರೋವರದ ಬಳಿ ಸೇನೆ 329 ಸಲ ಬೆಳಗುವ ವಸ್ತುಗಳನ್ನು ದಾಖಲಿಸಿತು. ಚೀನಾದ ಡ್ರೋನ್‌ಗಳು ಎಂಬ ಅನುಮಾನ. ಕಡೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಿದರು. ಒಂದು ವಸ್ತು ಸಂಜೆ ಆರರ ಹೊತ್ತಿಗೆ ಬಂದು ಬೆಳಗಿನ ಜಾವ ಹೋಗುತ್ತಿತ್ತು, ಇನ್ನೊಂದು ನಸುಕಿಗೆ ಬರುತ್ತಿತ್ತು. ಮೊದಲನೆಯದು ಗುರು, ಎರಡನೆಯದು ಶುಕ್ರ! ಸೈನಿಕರು ನಿಂತಲ್ಲೇ ನಿಂತು, ಕಂಡ ಹೊತ್ತನ್ನು ತಿಂಗಳುಗಟ್ಟಲೆ ಬರೆದಿಟ್ಟಿದ್ದರಿಂದ ಗ್ರಹಗಳ ಚಲನೆಯೊಂದಿಗೆ ತಾಳೆ ನೋಡಲು ಆಯಿತು. ರೈನ್ ಕಣಿವೆಯ ಪೈಲಟ್‌ಗಳಿಗೆ ಆ ಅನುಕೂಲ ಇರಲಿಲ್ಲ. ಓಡುವ ವಿಮಾನ, ಕೆಳಗೆ ಶತ್ರು, ಇಳಿದ ಮೇಲೆ ನೆನಪಿನಿಂದ ಬರೆಸಿದ ನಾಲ್ಕು ಸಾಲು. ಇವತ್ತು ಯಾರಾದರೂ ಆ ಬೆಳಕುಗಳನ್ನು ಲೆಕ್ಕ ಹಾಕಿ ಗುರುತಿಸಲು ಹೊರಟರೆ ಕೈಗೆ ಸಿಗುವುದು ಅಷ್ಟೇ.