ಐವತ್ತು ಮಿಲಿಗ್ರಾಂ ಮಾಡುವ ಅನರ್ಥ

ಒಂದು ಔಷಧ ದೇಹದಲ್ಲಿ ಎಲ್ಲಿ, ಹೇಗೆ ಕೆಲಸ ಮಾಡುತ್ತದೆ, ಅದರ ಅಡ್ಡಪರಿಣಾಮಗಳು ಯಾವುವು ಎಂದು ಕೇಳಿದರೆ ಪದವಿ ತರಗತಿಯ ವೈದ್ಯ ವಿದ್ಯಾರ್ಥಿಗಳು ಉಸಿರು ಬಿಡದೆ ಒಪ್ಪಿಸುತ್ತಾರೆ. ಅದನ್ನೇ ಎಷ್ಟು ಕೊಡಬೇಕು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು, ಪರಿಣಾಮವನ್ನು ಯಾವಾಗ ನೋಡಬೇಕು ಎಂದು ಕೇಳಿದಾಗ ಮಾತ್ರ ತರಗತಿ ಮೌನವಾಗುತ್ತದೆ. ಇದರಲ್ಲಿ ವಿದ್ಯಾರ್ಥಿಗಳ ತಪ್ಪು ಕಡಿಮೆ. ಔಷಧಗಳ ಹೆಸರುಗಳನ್ನು ಗುಂಪುಗುಂಪಾಗಿ ಉರುಹೊಡೆಸುವುದೇ ಔಷಧಶಾಸ್ತ್ರದ ಪಾಠವೆಂದು ಕಲಿಸುವ ನಾವೇ ನಂಬಿ ಕುಳಿತಿದ್ದೇವೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಬೇಕಾಗುವ ಔಷಧಶಾಸ್ತ್ರ, ಅಂದರೆ ಕ್ಲಿನಿಕಲ್ ಫಾರ್ಮಕಾಲಜಿ, ಬಹುಪಾಲು ಪ್ರಮಾಣ ಮತ್ತು ಕಾಲದ ಲೆಕ್ಕ.

ಈ ಲೆಕ್ಕದ ಮೊದಲ ಪಾಠ ಹಳೆಯದು. ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯ 1785ರಲ್ಲಿ ಫಾಕ್ಸ್‌ಗ್ಲವ್ ಗಿಡದ ಎಲೆಯ ಬಗ್ಗೆ ತನ್ನ ಅನುಭವವನ್ನು ಪ್ರಕಟಿಸಿದಾಗ, ಗುಣವಾದವರ ಕಥೆಗಳನ್ನಷ್ಟೇ ಆರಿಸಿ ಹೇಳದೆ ಕೈಕೊಟ್ಟ ಪ್ರಸಂಗಗಳನ್ನೂ ಬರೆದ. ಮೂತ್ರಪಿಂಡ, ಹೊಟ್ಟೆ, ನಾಡಿ ಅಥವಾ ಕರುಳಿನ ಮೇಲೆ ಪರಿಣಾಮ ಕಾಣುವವರೆಗೆ ಔಷಧ ಕೊಡಿ, ಇವುಗಳಲ್ಲಿ ಯಾವುದಾದರೊಂದು ಕಂಡ ಕೂಡಲೇ ನಿಲ್ಲಿಸಿ ಎಂಬುದು ಅವನ ಸಲಹೆಯ ಸಾರ. ಗಿಡಮೂಲಿಕೆಗೆ ಅಡ್ಡಪರಿಣಾಮವೇ ಇಲ್ಲವೆಂದು ಇಂದಿಗೂ ಹೇಳುವವರು ಈ ಎಲೆಯ ಚರಿತ್ರೆಯನ್ನು ಒಮ್ಮೆ ಓದಬೇಕು. ಹೃದಯಕ್ಕೆ ಕೊಡುವ ಡಿಜಾಕ್ಸಿನ್ ಇದೇ ಕುಲದ ಗಿಡದಿಂದ ಬಂದದ್ದು, ಮತ್ತು ಅದರಲ್ಲಿ ಮದ್ದಿಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು.

ಡಿಜಾಕ್ಸಿನ್‌ನಂಥ ಔಷಧಗಳು ಒಂದು ನಿಯಮಕ್ಕಾದರೂ ಬದ್ಧವಾಗಿರುತ್ತವೆ. ತಳದಲ್ಲಿ ಸಣ್ಣ ತೂತಿರುವ ಕೊಡಕ್ಕೆ ಒಂದೇ ಸಮನೆ ನೀರು ಸುರಿಯುತ್ತಿದ್ದರೆ, ನೀರು ಏರಿದಷ್ಟೂ ಸೋರಿಕೆಯೂ ಹೆಚ್ಚಿ, ಕೊನೆಗೆ ಬರುವುದೂ ಹೋಗುವುದೂ ಸಮನಾಗಿ ಮಟ್ಟ ನಿಲ್ಲುತ್ತದೆ. ದೇಹದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಅವಧಿಯೇ ಅರ್ಧಾಯು. ಒಂದು ಅರ್ಧಾಯು ಕಳೆದಾಗ ಕೊನೆಯ ಮಟ್ಟದ ಶೇಕಡ 50, ಎರಡಾದಾಗ 75, ನಾಲ್ಕಾದಾಗ ಸುಮಾರು 94 ತುಂಬಿರುತ್ತದೆ. ಮೂತ್ರಪಿಂಡ ಸರಿಯಿದ್ದವರಲ್ಲಿ ಡಿಜಾಕ್ಸಿನ್‌ನ ಅರ್ಧಾಯು ಹೆಚ್ಚುಕಡಿಮೆ ಒಂದೂವರೆ ದಿನವಾದ್ದರಿಂದ ಮಟ್ಟ ನಿಲ್ಲಲು ವಾರ ಬೇಕು. ಮೂತ್ರಪಿಂಡ ಸೋತವರಲ್ಲಿ ಇನ್ನೂ ಬಹಳ ದಿನ ಬೇಕು. ಡೋಸ್ ಇಮ್ಮಡಿಸಿದರೆ ನಿಲ್ಲುವ ಮಟ್ಟ ಇಮ್ಮಡಿಯಾಗುತ್ತದೆಯೇ ಹೊರತು, ಆ ಮಟ್ಟ ತಲುಪುವ ಅವಧಿ ಒಂದು ದಿನವೂ ಕಡಿಮೆಯಾಗುವುದಿಲ್ಲ.

ಇಷ್ಟು ಅರ್ಥವಾದ ವಿದ್ಯಾರ್ಥಿಗೆ ಎಲ್ಲವೂ ಅರ್ಥವಾದಂತೆ ಅನ್ನಿಸುತ್ತದೆ. ಆಗ ನಾನು ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ.

ಫೆನಿಟಾಯಿನ್ ಅನ್ನು ಒಡೆಯುವ ಯಕೃತ್ತಿನ ಕಿಣ್ವಗಳು ತೂತಿನ ಕೊಡದಂತಲ್ಲ, ನದಿ ದಾಟಿಸುವ ದೋಣಿಗಳಂತೆ. ದಡದಲ್ಲಿ ಜನ ಕಡಿಮೆಯಿದ್ದಾಗ ಬಂದವರೆಲ್ಲ ಬಂದ ಹಾಗೆ ದಾಟುತ್ತಾರೆ. ದೋಣಿಗಳು ತುಂಬಿ ಓಡಾಡತೊಡಗಿದ ಮೇಲೆ ಬಂದವರು ಬಂದಲ್ಲೇ ಉಳಿಯುತ್ತಾರೆ. ಒಬ್ಬ ರೋಗಿಯ ಯಕೃತ್ತು ದಿನಕ್ಕೆ ಹೆಚ್ಚೆಂದರೆ 500 ಮಿಲಿಗ್ರಾಂ ಒಡೆಯಬಲ್ಲದು, ರಕ್ತದಲ್ಲಿ ಲೀಟರಿಗೆ 4 ಮಿಲಿಗ್ರಾಂ ಇರುವಾಗ ಅದು ಅರ್ಧ ಸಾಮರ್ಥ್ಯದಲ್ಲಿ ದುಡಿಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 300 ಮಿಲಿಗ್ರಾಂ ಕೊಟ್ಟರೆ 300ನ್ನು 4ರಿಂದ ಗುಣಿಸಿ, ಉಳಿದಿರುವ ಸಾಮರ್ಥ್ಯವಾದ 200ರಿಂದ ಭಾಗಿಸಬೇಕು: ಮಟ್ಟ 6ಕ್ಕೆ ನಿಲ್ಲುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ 10ರಿಂದ 20 ಬೇಕಾದ್ದರಿಂದ ಇದು ಸಾಲದು. 400 ಕೊಟ್ಟರೆ 16, ಹೇಳಿ ಮಾಡಿಸಿದಂಥ ಮಟ್ಟ. ಆದರೂ ಒಂದೆರಡು ಬಾರಿ ಮೂರ್ಛೆ ಬಂತೆಂದು ಇನ್ನು ಐವತ್ತೇ ಐವತ್ತು ಸೇರಿಸಿದರೆ? 450ನ್ನು 4ರಿಂದ ಗುಣಿಸಿ 50ರಿಂದ ಭಾಗಿಸಿದಾಗ ಬರುವುದು 36. ರೋಗಿಯ ಕಣ್ಣುಗುಡ್ಡೆಗಳು ತಾವಾಗಿಯೇ ಅದುರತೊಡಗುತ್ತವೆ, ನಡಿಗೆ ತೂರಾಡುತ್ತದೆ. 500 ಕೊಟ್ಟರಂತೂ ಭಾಗಿಸಲು ಸೊನ್ನೆಯೇ ಉಳಿಯುವುದರಿಂದ ಮಟ್ಟ ಎಲ್ಲಿಯೂ ನಿಲ್ಲುವುದಿಲ್ಲ.

ಇದು ಬರೀ ಹಲಗೆಯ ಗಣಿತವಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 1968ರ ಸುಮಾರಿಗೆ, ಮೊದಲಿನಷ್ಟೇ ಫೆನಿಟಾಯಿನ್ ನುಂಗುತ್ತಿದ್ದ ಹಲವರಲ್ಲಿ ವಿಷಲಕ್ಷಣಗಳು ಕಾಣಿಸಿಕೊಂಡವು. ಕ್ಯಾಪ್ಸೂಲಿನೊಳಗೆ ತುಂಬುವ ನಿರುಪದ್ರವಿ ಪುಡಿಯನ್ನು ಕ್ಯಾಲ್ಸಿಯಂ ಸಲ್ಫೇಟ್‌ನಿಂದ ಲ್ಯಾಕ್ಟೋಸ್‌ಗೆ ಬದಲಾಯಿಸಲಾಗಿತ್ತು. ಹಳೆಯ ಪುಡಿ ಔಷಧದ ಒಂದಂಶವನ್ನು ಕರುಳಿನಲ್ಲೇ ತಡೆಹಿಡಿಯುತ್ತಿತ್ತು, ಹೊಸದು ತಡೆಯಲಿಲ್ಲ. ಚೀಟಿಯಲ್ಲಿ ಬರೆದ ಡೋಸ್ ಅದೇ ಇದ್ದರೂ ದಡಕ್ಕೆ ಬಂದ ಜನ ಹೆಚ್ಚಾದರು, ದೋಣಿಗಳು ಮಾತ್ರ ಹೆಚ್ಚಾಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆಂದು ಹೊರತಂದ ಕೈಪಿಡಿ, ಚಿಕಿತ್ಸೆ ನಿರ್ಧರಿಸುವುದನ್ನು ಆರು ಹೆಜ್ಜೆಗಳಾಗಿ ಬಿಡಿಸಿ ತೋರಿಸಿತು. ಸಮಸ್ಯೆ ಏನೆಂದು ಗೊತ್ತುಮಾಡಿಕೊಳ್ಳುವುದರಿಂದ ಶುರುವಾಗುವ ಅದರ ಆರನೆಯ ಹೆಜ್ಜೆ, ಚಿಕಿತ್ಸೆಯನ್ನು ಗಮನಿಸುತ್ತಿರುವುದು ಅಥವಾ ನಿಲ್ಲಿಸುವುದು. ಲಿಖಿತ ಪರೀಕ್ಷೆಯಲ್ಲಿ ಅಳೆಯಲು ಅತ್ಯಂತ ಕಷ್ಟವಾದದ್ದು ಇದೇ ಹೆಜ್ಜೆ ಎಂದು ನನ್ನ ಅನಿಸಿಕೆ.

ಆದ್ದರಿಂದ ಹಲಗೆಯ ಮೇಲಿನ 36ನ್ನು ಅಳಿಸುವ ಮುನ್ನ ಒಂದು ಪ್ರಶ್ನೆ ಕೇಳುತ್ತೇನೆ: 450ಕ್ಕೆ ಏರಿಸಿದ ಮೇಲೆ ರಕ್ತಪರೀಕ್ಷೆ ಯಾವ ದಿನ ಮಾಡಿಸುತ್ತೀರಿ? ಫೆನಿಟಾಯಿನ್‌ನ ಅರ್ಧಾಯು ಸುಮಾರು ಒಂದು ದಿನವೆಂದುಕೊಂಡು, ಈಗಷ್ಟೇ ಕಲಿತ ಲೆಕ್ಕ ಹಿಡಿದು ಹೆಚ್ಚಿನವರು ಐದನೆಯ ದಿನ ಎನ್ನುತ್ತಾರೆ. ಆದರೆ ದೋಣಿಗಳು ತುಂಬುತ್ತ ಹೋದಂತೆ ಅರ್ಧಾಯುವೂ ಉದ್ದವಾಗುತ್ತ ಹೋಗುತ್ತದೆ, ಮಟ್ಟ ವಾರಗಟ್ಟಲೆ ಏರುತ್ತಲೇ ಇರುತ್ತದೆ. ಐದನೆಯ ದಿನದ ವರದಿಯಲ್ಲಿ 20ರ ಆಸುಪಾಸಿನ ಅಂಕಿಯೇ ಇರುತ್ತದೆ, ರೋಗಿ ಅದೇ ಡೋಸಿನ ಚೀಟಿ ಹಿಡಿದು ಮನೆಗೆ ಹೋಗುತ್ತಾನೆ.